ಕಡಿಮೆ ದುಡ್ಡಿನ ಸಲಕರಣೆ, ಅಚ್ಚುಕಟ್ಟಾದ ಕೆಲಸ: ಮನೆಯಲ್ಲಿ ಮರಗೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬಾಡಿಗೆ ಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಕಾಂಪೌಂಡಿಗೂ ನಡುವೆ ಏಳಡಿ ಉದ್ದ, ನಾಲ್ಕಡಿ ಅಗಲದ ಜಾಗವಿದೆ. ಅದೇ ನನ್ನ ಕಾರ್ಖಾನೆ. ಓದಿದ್ದು ಬೇರೆ, ಸಂಬಳ ತರುವ ಕೆಲಸ ಬೇರೆ; ಭಾನುವಾರ ಮಾತ್ರ ನಾನು ಬಡಗಿ. ಇಲ್ಲಿಯವರೆಗೆ ನಾಲ್ಕು ಸ್ಟೂಲು, ಎರಡು ಪುಸ್ತಕದ ಕಪಾಟು, ಲೆಕ್ಕವಿಲ್ಲದಷ್ಟು ಮಣೆ, ಒಂದು ತೊಟ್ಟಿಲು ಆಗಿವೆ. ಬಳಸಿದ ಸಲಕರಣೆಗಳಲ್ಲಿ ಮುಕ್ಕಾಲು ಪಾಲು ಅಂಗಡಿಯ ಅತಿ ಅಗ್ಗದ ಸಾಲಿನಲ್ಲಿ ನೇತಾಡುತ್ತಿದ್ದಂಥವು. ನೋಡಿದವರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಅವೇ ಆಗಿರುವುದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ.

ಮುನ್ನೂರು ರೂಪಾಯಿಯ ಉಳಿಯಲ್ಲಿ ನಿಜಕ್ಕೂ ಕೆಲಸ ಆಗುತ್ತಾ?

ಆಗುತ್ತೆ. ಆದರೆ ಕೊಂಡ ದಿನ ಆಗಲ್ಲ.

ಉಳಿಯಲ್ಲಿ ಉಕ್ಕಿನ ಬೆಲೆ ಅಂಥ ದೊಡ್ಡದಲ್ಲ. ದುಡ್ಡು ಹೋಗುವುದು ಕೊನೆಯ ಕೆಲಸಕ್ಕೆ: ಬೆನ್ನನ್ನು (ಇಳಿಜಾರಿಲ್ಲದ ಚಪ್ಪಟೆ ಮುಖ) ಸಮ ಮಾಡುವುದು, ಬಾಯಿಯನ್ನು (ಕತ್ತರಿಸುವ ಅಂಚು) ನಯವಾಗಿ ಮಸೆಯುವುದು, ಹಿಡಿಯನ್ನು ಕೈಗೆ ಕೂರುವಂತೆ ತೀಡುವುದು. ಅಗ್ಗದ ಉಳಿ ಮಾಡುವವನು ಇದನ್ನೆಲ್ಲ ಬಿಟ್ಟುಬಿಡುತ್ತಾನೆ. ಹಾಗಾಗಿ ನಿಮ್ಮ ಕೈಗೆ ಬರುವುದು ಕೆಟ್ಟ ಉಳಿಯಲ್ಲ, ಅರ್ಧ ಮುಗಿದ ಉಳಿ. ಉಳಿದರ್ಧ ನಿಮ್ಮ ಪಾಲಿನದು. ಒಂದು ಗಂಟೆ ಕೊಟ್ಟರೆ ಮುಗಿಯುತ್ತದೆ.

ಇನ್ನೊಂದು ಬಗೆಯ ಅಗ್ಗವೂ ಇದೆ. ಉಕ್ಕೇ ಮೆತ್ತಗೆ, ಎರಕದಲ್ಲೇ ಬಿರುಕು, ತಿರುಪಿನ ಸುತ್ತೇ ಸಡಿಲ. ಅದನ್ನು ಎಷ್ಟು ಮಸೆದರೂ ದಾರಿಗೆ ಬರುವುದಿಲ್ಲ. ಈ ಎರಡನ್ನು ಬೇರೆಮಾಡಿ ನೋಡಲು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ.

ಅಂಗಡಿಯಲ್ಲೇ ಅದನ್ನು ಗುರುತಿಸುವುದು ಹೇಗೆ?

ಉಳಿಯಾದರೆ ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಿ. ಒಳಗೆ ಸ್ವಲ್ಪ ತಗ್ಗಿದ್ದರೆ ಒಳ್ಳೆಯದೇ, ಮಸೆಯುವುದು ಸುಲಭ. ಹೊರಗೆ ಹೊಟ್ಟೆ ಬಂದಿದ್ದರೆ ವಾಪಸ್ ಇಡಿ. ಅದನ್ನು ಸಮ ಮಾಡುವಷ್ಟರಲ್ಲಿ ನಿಮ್ಮ ಉತ್ಸಾಹವೇ ಸವೆದುಹೋಗುತ್ತದೆ. ಮರ ಹೆರೆದು ನಯ ಮಾಡುವ ಕೀಸುಳಿಯಾದರೆ ಅಡಿಯಲ್ಲಿ, ಅಲಗು ಹೊರಬರುವ ಬಾಯಿಯ ಎರಡೂ ಕಡೆ, ಬಿರುಕಿದೆಯಾ ನೋಡಿ. ಇಕ್ಕಳದ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ತುದಿಯಲ್ಲಿ ಸಂದು ಕಾಣುತ್ತದೆಯಾ ನೋಡಿ.

ಗಡಸುತನಕ್ಕೆ ಹಳೆಯ ಪರೀಕ್ಷೆ ಅರದ್ದು. ಒಳ್ಳೆಯ ಅರವೊಂದನ್ನು ಉಳಿಯ ಬಾಯಿಯ ಹತ್ತಿರ ಹಗುರವಾಗಿ ಎಳೆಯಿರಿ. ಅರ ಕಚ್ಚದೆ ಜಾರಿದರೆ ಉಕ್ಕು ಗಡಸು, ಬೆಣ್ಣೆ ತೆಗೆದ ಹಾಗೆ ಕಚ್ಚಿದರೆ ಮೆತ್ತಗೆ. ಅಂಗಡಿಯವನು ಇದಕ್ಕೆ ಬಿಡುವುದಿಲ್ಲ, ಅವನ ತಪ್ಪೂ ಅಲ್ಲ. ಆರರ ಸೆಟ್ ಬದಲು ಒಂದೇ ಒಂದು ಮುಕ್ಕಾಲು ಅಂಗುಲದ್ದನ್ನು ತಂದು ಮನೆಯಲ್ಲಿ ಪರೀಕ್ಷಿಸಿ. ಚೆನ್ನಾಗಿದ್ದರೆ ಅದೇ ಅಂಗಡಿಗೆ ಮತ್ತೆ ಹೋಗಿ.

ಅಂದಹಾಗೆ, ಅಂಗಡಿಯಲ್ಲಿ ಕೀಸುಳಿ ಅಂದರೆ ಕೆಲವರು ಮುಖ ನೋಡುತ್ತಾರೆ. ರಂದಾ ಅನ್ನಿ, ಮೂಲೆ ನೇರವಿದೆಯಾ ನೋಡುವ ಮೂಲೆಮಟ್ಟಕ್ಕೆ ಗುನಿಯಾ ಅನ್ನಿ, ತಕ್ಷಣ ಸಿಗುತ್ತದೆ.

ಹೊಸ ಉಳಿ ಮರವನ್ನು ಕತ್ತರಿಸುವ ಬದಲು ಜಜ್ಜುತ್ತಿದೆ. ಏನು ಮಾಡಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಉದ್ದವಾಗಿದೆ, ಆದರೆ ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಗಾಜಿನ ಅಂಗಡಿಗೆ ಹೋಗಿ 8 ಅಥವಾ 10 ಮಿ.ಮೀ. ದಪ್ಪದ ಗಾಜಿನ ಚೂರು ಕೇಳಿ, ಒಂದಡಿ ಉದ್ದ ಇದ್ದರೆ ಸಾಕು. ಅಂಚು ತೀಡಿಸಿಕೊಳ್ಳಿ. ಅಷ್ಟು ಅಗ್ಗಕ್ಕೆ ಅಷ್ಟು ಸಮತಟ್ಟಾದ ವಸ್ತು ಬೇರೆ ಸಿಗಲಾರದು. ಅಡುಗೆಮನೆಯ ಗ್ರಾನೈಟ್ ಚೂರು ಸಿಕ್ಕಿದರೂ ಆದೀತು, ಆದರೆ ಪಾಲಿಶ್ ಆದ ಕಲ್ಲೆಲ್ಲ ಸಮವಾಗಿರುತ್ತದೆಂದು ನಂಬಬೇಡಿ. ಬಣ್ಣದ ಅಂಗಡಿಯಿಂದ ನೀರಿಗೆ ತಡೆಯುವ ಉಪ್ಪುಕಾಗದ 220, 400, 800, 1500 ನಂಬರಿನವು ಎರಡೆರಡು ತನ್ನಿ. ಉಳಿಯ ಮೇಲೆ ತುಕ್ಕು ಹಿಡಿಯದಿರಲೆಂದು ವಾರ್ನಿಷ್ ಬಳಿದಿರುತ್ತಾರೆ, ಅದನ್ನು ಥಿನ್ನರ್‌ನಲ್ಲಿ ಒರೆಸಿ ತೆಗೆಯಿರಿ.

ಮೊದಲು ಬೆನ್ನು. ಕಾಗದವನ್ನು ನೀರಿನಿಂದ ಗಾಜಿಗೆ ಅಂಟಿಸಿ, ಉಳಿಯನ್ನು ಅಂಗಾತ ಮಲಗಿಸಿ, ಬಾಯಿಯ ಕಡೆಯ ಒಂದಂಗುಲ ಮಾತ್ರ ಉಜ್ಜಿ. ಇಡೀ ಬೆನ್ನು ಕನ್ನಡಿಯಾಗಬೇಕಿಲ್ಲ. 220ರಲ್ಲಿ ಬಾಯಿಯ ಅಂಚಿನವರೆಗೂ ಒಂದೇ ಬಗೆಯ ಗೀರು ಮೂಡುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಇಲ್ಲಿ ಆತುರಪಟ್ಟವರೇ ಆಮೇಲೆ ಉಳಿ ಸರಿಯಿಲ್ಲ ಅನ್ನುವುದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಆಮೇಲೆ ಇಳಿಜಾರು. ಕಾರ್ಖಾನೆಯಿಂದ ಸುಮಾರು 25 ಡಿಗ್ರಿಯಲ್ಲಿ ಬರುತ್ತದೆ. ಅದನ್ನು ಹಾಗೇ ಇರಲು ಬಿಟ್ಟು, ಉಳಿಯನ್ನು ಸ್ವಲ್ಪ ಎತ್ತಿ, 30 ಡಿಗ್ರಿಯಲ್ಲಿ ತುದಿಯನ್ನಷ್ಟೇ ಮಸೆಯಿರಿ. ಕೈ ನಿಲ್ಲದಿದ್ದರೆ ಉಳಿ ಸಿಕ್ಕಿಸುವ ಪುಟ್ಟ ಉರುಳೆಯ ಗೈಡ್ ಕೊಳ್ಳಿ. ಅದರಲ್ಲಂತೂ ಅಗ್ಗದ್ದೇ ಸಾಕು. ಮಸೆಯುತ್ತಿದ್ದಂತೆ ಬೆನ್ನಿನ ಕಡೆಗೆ ಉಕ್ಕಿನ ಕೂದಲೆಳೆಯಷ್ಟು ತೆಳುವಾದ ಅಂಚು ಮಡಿಚಿಕೊಳ್ಳುತ್ತದೆ, ಬೆರಳಿಗೆ ಸಿಗುತ್ತದೆ. ಬರ್ ಅನ್ನುವುದು ಅದಕ್ಕೇ. ಬಾಯಿಯ ಈ ತುದಿಯಿಂದ ಆ ತುದಿವರೆಗೆ ಬರ್ ಬಂತೆಂದರೆ ನೀವು ಅಂಚು ಮುಟ್ಟಿದ್ದೀರಿ ಎಂದರ್ಥ. ಆಗ ಮುಂದಿನ ಕಾಗದ. ಕೊನೆಗೆ ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಸ್ಟೀಲ್ ಪಾಲಿಶ್ ಮಾಡುವವರು ಬಳಸುವ ಹಸಿರು ಸೋಪನ್ನು ಸವರಿ, ಅದರ ಮೇಲೆ ಇಪ್ಪತ್ತು ಸಲ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಬೆಲ್ಟು ಎರಡು ತುಂಡು.

ಹರಿತ ನೋಡಲು ಕೈಕೂದಲು ಬೋಳಿಸುವುದು ಹುಡುಗಾಟ. ಪೈನ್ ಅಥವಾ ಸಿಲ್ವರ್ ಓಕಿನ ತುಂಡಿನ ಅಡ್ಡಕೊಯ್ತದ ಮುಖವನ್ನು ಕೈಯಿಂದಲೇ ಒತ್ತಿ ಸವರಿ. ನುಣುಪಾಗಿ ಹೊಳೆದರೆ ಆಯಿತು. ಪುಡಿಪುಡಿಯಾಗಿ ಬೆಳ್ಳಗೆ ಕಂಡರೆ ಇನ್ನೂ ಬಾಕಿ ಇದೆ.

ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಬೆಲ್ಟಿನ ಮೇಲೆ ಎರಡು ನಿಮಿಷ, ಆಗಾಗ 800ರಲ್ಲಿ ಐದು ನಿಮಿಷ.

ಅಷ್ಟು ಮಾಡಿದರೂ ಬಾಯಿ ಬೇಗ ಮಡಿಚಿಕೊಳ್ಳುತ್ತಿದೆಯಲ್ಲ?

ಎರಡು ಕಾರಣ ಇರಬಹುದು. ಒಂದು, ಉಕ್ಕು ಸ್ವಲ್ಪ ಮೆತ್ತಗಿದೆ. ತುದಿಯ ಕೋನವನ್ನು 33–35 ಡಿಗ್ರಿಗೆ ಏರಿಸಿ. ಒತ್ತಲು ತುಸು ಹೆಚ್ಚು ಬಲ ಬೇಕಾಗುತ್ತದೆ, ಆದರೆ ಬಾಯಿ ನಿಲ್ಲುತ್ತದೆ. ಎರಡನೆಯದು, ಕಾರ್ಖಾನೆಯಲ್ಲಿ ಗ್ರೈಂಡ್ ಮಾಡುವಾಗ ತೆಳು ತುದಿ ಕಾದು ಮೊದಲ ಒಂದೆರಡು ಮಿ.ಮೀ. ಹದ ತಪ್ಪಿರುತ್ತದೆ. ಎರಡು ಮೂರು ಸಲ ಚೆನ್ನಾಗಿ ಮಸೆದು ಆ ಭಾಗ ಸವೆದ ಮೇಲೆ ಅದೇ ಉಳಿ ಬೇರೆಯೇ ಆಗಿಬಿಡುತ್ತದೆ. ಎಸೆಯುವ ಮುಂಚೆ ಅಷ್ಟು ಅವಕಾಶ ಕೊಡಿ.

ನೀವೇ ಗ್ರೈಂಡರಿಗೆ ಕೊಡುವುದಾದರೆ ಬಣ್ಣದ ಮೇಲೆ ಕಣ್ಣಿರಲಿ. ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಒಣಹುಲ್ಲಿನ ಹಳದಿ ಆಗುತ್ತದೆ, 300ರ ಹತ್ತಿರ ನೀಲಿ. ನೀಲಿ ಕಂಡಿತೋ, ಆ ಜಾಗದ ಗಡಸುತನ ಹೋಯಿತು, ನೀರಿಗೆ ಅದ್ದಿದರೂ ವಾಪಸ್ ಬರುವುದಿಲ್ಲ. ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದುವುದು ಕ್ಷೇಮ.

ಬೀದಿಯಲ್ಲಿ ಬರುವ ಸಾಣೆಯವನಿಗೆ ಕೊಡಬಹುದಾ?

ಅಡುಗೆಮನೆಯ ಚಾಕು, ಕತ್ತರಿಗೆ ಧಾರಾಳವಾಗಿ. ಉಳಿ, ಕೀಸುಳಿಯ ಅಲಗಿಗೆ ಬೇಡ. ಒಣ ಚಕ್ರದಲ್ಲಿ ಕಿಡಿ ಹಾರಿದಷ್ಟೂ ತುದಿ ಕಾಯುತ್ತದೆ, ಬೆನ್ನಿನ ಕಡೆಯೂ ಒಂದು ಕೈ ಆಡಿಸಿಬಿಡುತ್ತಾರೆ. ನೀವು ಒಂದು ಗಂಟೆ ಕೂತು ಮಾಡಿದ ಸಮತಟ್ಟು ಹತ್ತು ಸೆಕೆಂಡಿಗೆ ಗೋವಿಂದ.

ಅಗ್ಗದ ಕೀಸುಳಿ ಮರವನ್ನು ಹರಿಯುತ್ತದೆ, ಇಲ್ಲವೇ ಬಾಯಿ ಕಟ್ಟಿಕೊಂಡು ನಿಲ್ಲುತ್ತದೆ. ಅದೃಷ್ಟ ಕೆಟ್ಟಿದೆಯೇ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಕೀಸುಳಿಯ ವಿಷಯದಲ್ಲಿ ಒಂದು ಮಾತು: ನೆಲ ನಿಜವಾಗಿಯೂ ಡೊಂಕಿರುತ್ತದೆ! ನಾನು ಕೊಂಡ ಮೊದಲ ಕಬ್ಬಿಣದ ಕೀಸುಳಿಯ ಅಡಿಯನ್ನು ಉಕ್ಕಿನ ಸ್ಕೇಲಿಟ್ಟು ನೋಡಿದರೆ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಸುಳುತ್ತಿತ್ತು. ಆರು ತಿಂಗಳು ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಗಾಜಿನ ಮೇಲೆ 80 ಅಥವಾ 120ರ ಉಪ್ಪುಕಾಗದ ಅಂಟಿಸಿ. ಅಲಗನ್ನು ಜಾಗದಲ್ಲೇ ಬಿಗಿದು ತುದಿಯನ್ನು ಮಾತ್ರ ಒಳಗೆಳೆದುಕೊಳ್ಳಿ. ಬಿಗಿತದಿಂದ ಎರಕ ಕೂದಲೆಳೆಯಷ್ಟು ಬಾಗುತ್ತದೆ, ಅದು ಬಾಗಿದ ಸ್ಥಿತಿಯಲ್ಲೇ ಸಮವಾಗಬೇಕು. ಅಡಿಗೆ ಮಾರ್ಕರಿನಲ್ಲಿ ಅಡ್ಡಗೆರೆ ಎಳೆದು ಉಜ್ಜಿ, ಎಲ್ಲಿ ಶಾಯಿ ಉಳಿಯಿತೋ ಅದು ತಗ್ಗು. ಎಲ್ಲ ಕಡೆ ಅಳಿಯಬೇಕೆಂಬ ಹಟ ಬೇಡ. ಮುಂತುದಿ, ಬಾಯಿಯ ಮುಂದಿನ ಅಂಚು, ಹಿಂತುದಿ, ಈ ಮೂರು ಒಂದೇ ಮಟ್ಟಕ್ಕೆ ಬಂದರೆ ಸಾಕು. ಇದರಲ್ಲಿ ಬಾಯಿಯ ಮುಂದಿನ ಅಂಚೇ ಮುಖ್ಯ. ಮರದ ನಾರು ಮೇಲೇಳದಂತೆ ಒತ್ತಿ ಹಿಡಿಯುವುದು ಅದೇ.

ಇನ್ನು ಬಾಯಿ ಕಟ್ಟುವ ರೋಗ. ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿ ಇದೆಯಲ್ಲ, ಅದಕ್ಕೂ ಅಲಗಿಗೂ ನಡುವೆ ಬೆಳಕು ಕಂಡರೆ ಹೊಟ್ಟು ಅಲ್ಲಿಗೇ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಪಟ್ಟಿಯ ತುದಿಯನ್ನೂ ಗಾಜಿನ ಮೇಲೆ ಉಜ್ಜಿ, ಎರಡೂ ಬಿಡುವಿಲ್ಲದೆ ಕೂರುವಂತೆ ಮಾಡಿ. ಪಟ್ಟಿಯನ್ನು ಅಲಗಿನ ತುದಿಯಿಂದ ಒರಟು ಕೆಲಸಕ್ಕೆ 1–2 ಮಿ.ಮೀ., ನಯದ ಕೆಲಸಕ್ಕೆ ಅರ್ಧ ಮಿ.ಮೀ. ಹಿಂದೆ ಇಡಿ. ಅಲಗು ಅದೇ ಹರಿತದಲ್ಲಿದ್ದರೂ ಈ ಅರ್ಧ ಮಿ.ಮೀ. ನಾರು ಹರಿಯುವುದನ್ನು ಎಷ್ಟೋ ತಡೆಯುತ್ತದೆ.

ಇಷ್ಟಾದ ಮೇಲೆ ಅಡಿಗೆ ಮೇಣದಬತ್ತಿ ಸವರಿ, ಎರಡು ಗೀಟು ಸಾಕು. ಕರೆಂಟ್ ಹೋದಾಗ ಮಾತ್ರ ನೆನಪಾಗುವ ಈ ಮೇಣದಬತ್ತಿ ಮರಗೆಲಸದವನ ಪಾಲಿಗೆ ಅತ್ಯಂತ ಅಗ್ಗದ ಸಲಕರಣೆ. ಗರಗಸಕ್ಕೂ ಸವರಿ, ತಿರುಪಿಗೂ ಸವರಿ.

ಇನ್ನೂ ಹರಿಯುತ್ತಿದ್ದರೆ ಹಲಗೆಯನ್ನು ತಿರುಗಿಸಿ. ನೀವು ನಾರಿಗೆ ಎದುರಾಗಿ ತಳ್ಳುತ್ತಿದ್ದೀರಿ.

ಚೌಕಟ್ಟು ಪ್ರತಿಸಲ ಸೊಟ್ಟ ಬರುತ್ತದೆ. ಅಗ್ಗದ ಮೂಲೆಮಟ್ಟವನ್ನು ನಂಬಬಹುದಾ?

ಅಗ್ಗದ್ದನ್ನೂ ನಂಬಬೇಡಿ, ದುಬಾರಿಯದ್ದನ್ನೂ ನಂಬಬೇಡಿ. ಪರೀಕ್ಷೆ ಪುಕ್ಕಟೆ.

ಪ್ಲೈವುಡ್ಡಿನ ನೇರವಾದ ಅಂಚಿಗೆ ಮೂಲೆಮಟ್ಟ ಆನಿಸಿ ಗೆರೆ ಎಳೆಯಿರಿ. ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಬಾಯಿ ತೆರೆದುಕೊಂಡರೆ, ನಿಜವಾದ ತಪ್ಪು ಆ ಅಂತರದ ಅರ್ಧ. 300 ಮಿ.ಮೀ. ದೂರದಲ್ಲಿ 1 ಮಿ.ಮೀ. ಅಂತರ ಕಂಡರೆ ಮಟ್ಟದ ತಪ್ಪು ಅರ್ಧ ಮಿ.ಮೀ., ಅಂದರೆ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ. ಸ್ಟೂಲಿಗೆ ನಡೆಯುತ್ತದೆ, ಡ್ರಾಯರಿಗೆ ನಡೆಯುವುದಿಲ್ಲ. ಅಂಗಡಿಗೆ ಒಂದು ಪೆನ್ಸಿಲ್ ಜೇಬಿನಲ್ಲಿಟ್ಟುಕೊಂಡು ಹೋಗಿ, ರಟ್ಟಿನ ಮೇಲೆ ಅಲ್ಲೇ ಪರೀಕ್ಷಿಸಿ, ನಾಲ್ಕರಲ್ಲಿ ಒಂದನ್ನು ಆರಿಸಿ. ರಸಮಟ್ಟಕ್ಕೂ ಇದೇ ಉಪಾಯ: ಒಂದು ಜಾಗದಲ್ಲಿಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ಎಡಬಲ ತಿರುಗಿಸಿಟ್ಟು ಮತ್ತೆ ನೋಡಿ, ಗುಳ್ಳೆ ಅಲ್ಲೇ ನಿಂತರೆ ಸರಿ.

ದೊಡ್ಡ ಚೌಕಟ್ಟಿಗೆ ಮೂಲೆಮಟ್ಟ ಬೇಕೇ ಇಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎದುರುಬದಿಗಳು ಸಮವಿದ್ದು ಕರ್ಣಗಳೂ ಸಮ ಬಂದರೆ ಮೂಲೆ ಸರಿ.

ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ. ಕೆಟ್ಟಿದೆಯಾ?

ಇಲ್ಲ, ಅಲ್ಲಾಡಲೆಂದೇ ಮಾಡಿದ್ದು. ಕೊಕ್ಕೆಯ ದಪ್ಪದಷ್ಟೇ ಅದು ಹಿಂದೆ ಮುಂದೆ ಸರಿಯಬೇಕು. ಎಳೆದು ಅಳೆದರೂ, ಒತ್ತಿ ಅಳೆದರೂ ಲೆಕ್ಕ ಒಂದೇ ಬರಲೆಂದು. ಅನುಮಾನವಿದ್ದರೆ ತುದಿ ಬಿಟ್ಟು 10 ಸೆಂ.ಮೀ. ಗೆರೆಯಿಂದ ಅಳೆದು, ಕೊನೆಗೆ 10 ಕಳೆಯಿರಿ. ಕಳೆಯುವುದನ್ನು ಮರೆಯಬೇಡಿ. ನಾನು ಮರೆತು ಕೊಯ್ದ ಕಪಾಟಿನ ಹಲಗೆ ಈಗ ತುಳಸಿಕಟ್ಟೆಯ ಪಕ್ಕದ ಮಣೆ.

ಒಂದು ಕೆಲಸಕ್ಕೆ ಮೊದಲಿಂದ ಕೊನೆವರೆಗೆ ಒಂದೇ ಟೇಪು ಬಳಸಿ. ಸಾಧ್ಯವಾದಲ್ಲೆಲ್ಲ ಅಳೆಯುವುದನ್ನೇ ಬಿಟ್ಟು, ಒಂದು ತುಂಡನ್ನು ಇನ್ನೊಂದರ ಮೇಲಿಟ್ಟು ಗುರುತು ಹಾಕಿ. ನಿಮ್ಮ ಬಡಗಿ ಸೂತ್ ಲೆಕ್ಕದಲ್ಲಿ ಮಾತಾಡಿದರೆ, ಒಂದು ಸೂತ್ ಅಂದರೆ ಅಂಗುಲದ ಎಂಟನೆಯ ಒಂದು ಭಾಗ, ಸುಮಾರು 3.2 ಮಿ.ಮೀ. ಮನೆ ಬಾಗಿಲಿಗೆ ಅದು ಸಾಕು. ಎರಡು ತುಂಡು ಸೇರುವ ಕೂಡು ಕತ್ತರಿಸುವಾಗ ಪೆನ್ಸಿಲ್ ಗೆರೆಯೇ ದಪ್ಪವಾಯಿತು, ಚಾಕುವಿನಿಂದ ಗೆರೆ ಹಾಕಿ. ಮುರಿದ ಆಕ್ಸಾ ಬ್ಲೇಡನ್ನು ಓರೆಯಾಗಿ ಮಸೆದು, ಹಿಡಿಯುವ ಕಡೆ ಹಗ್ಗ ಸುತ್ತಿದರೆ ಗುರುತಿನ ಚಾಕು ಸಿದ್ಧ.

ಗರಗಸ ಗೆರೆ ಬಿಟ್ಟು ಓಡುತ್ತದೆ.

ಒಂದೇ ಕಡೆಗೆ ಓಡುತ್ತಿದ್ದರೆ ತಪ್ಪು ಗರಗಸದ್ದು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಡುತ್ತಿದ್ದರೆ ಕೈಯದು. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿಸಿರುತ್ತಾರೆ. ಅಗ್ಗದವುಗಳಲ್ಲಿ ಒಂದು ಕಡೆಯ ಬಾಗು ಹೆಚ್ಚಿರುತ್ತದೆ, ಗರಗಸ ಆ ಕಡೆಗೆ ವಾಲುತ್ತದೆ. ಹೆಚ್ಚಿರುವ ಬದಿಯನ್ನು ಸಾಣೆಕಲ್ಲಿನ ಮೇಲೆ ಅಡ್ಡ ಮಲಗಿಸಿ, ಹಗುರವಾಗಿ ಒಂದೇ ಸಲ ಎಳೆಯಿರಿ. ಒಂದೇ ಸಲ. ಕೊಯ್ದು ನೋಡಿ, ಬೇಕಿದ್ದರೆ ಮತ್ತೊಂದು ಸಲ.

ಹಲ್ಲಿನ ತುದಿ ಕಪ್ಪುನೀಲಿ ಇದ್ದರೆ ಅದು ಕಾಯಿಸಿ ಗಡಸು ಮಾಡಿದ ಗರಗಸ. ಮೂರುಮೂಲೆ ಅರ ಅದಕ್ಕೆ ಹತ್ತುವುದಿಲ್ಲ, ಮೊಂಡಾದ ಮೇಲೆ ಬದಲಿಸುವುದೇ. ಮಾಮೂಲು ಬಿಳಿ ಹಲ್ಲಿನದನ್ನಾದರೆ ಜೀವನಪೂರ್ತಿ ಮಸೆಯಬಹುದು.

ಕೈಯ ತಪ್ಪಿಗೆ ಮದ್ದು: ಚಾಕುಗೆರೆ ಹಾಕಿ, ಬಿಸಾಡುವ ಕಡೆಯಿಂದ ಉಳಿಯಲ್ಲಿ ಸಣ್ಣದೊಂದು ಇಳಿಜಾರು ಕೆತ್ತಿ, ಗರಗಸ ಅದರಲ್ಲಿ ಕೂತು ಹೊರಡಲಿ. ಹಿಡಿಯನ್ನು ಹಕ್ಕಿಮರಿ ಹಿಡಿದಷ್ಟೇ ಬಿಗಿಯಾಗಿ ಹಿಡಿಯಿರಿ.

ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ ಕೊಯ್ಯುತ್ತಾರಲ್ಲ, ಅಗ್ಗವೂ ಹೌದು. ನಾನೂ ಮಾಡಲಾ?

ಬೇಡ. ಊರಿನ ಅರ್ಧ ಇಂಟೀರಿಯರ್ ಕೆಲಸ ನಡೆಯುವುದೇ ಹೀಗೆ, ಗೊತ್ತು. ಯಂತ್ರವನ್ನು ಹಲಗೆಗೆ ತಲೆಕೆಳಗಾಗಿ ಬಿಗಿದು ಟೇಬಲ್ ಗರಗಸ ಮಾಡಿಕೊಂಡವರನ್ನೂ ನೋಡಿದ್ದೇನೆ. ಆದರೂ ಬೇಡ.

ಲೆಕ್ಕ ಹಾಕಿ ನೋಡಿ. ಈ ಕಟರುಗಳ ಬ್ಲೇಡ್ 110 ಮಿ.ಮೀ., ವೇಗ ನಿಮಿಷಕ್ಕೆ ಸುಮಾರು 13,000 ಸುತ್ತು. ಅಂದರೆ ಹಲ್ಲಿನ ತುದಿ ಗಂಟೆಗೆ ಹೆಚ್ಚುಕಡಿಮೆ 270 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಮರಕ್ಕೆಂದೇ ಮಾಡಿದ 185 ಮಿ.ಮೀ. ವೃತ್ತ ಗರಗಸ ಸುಮಾರು 5,000 ಸುತ್ತಿನದು, ತುದಿಯ ವೇಗ 175ರ ಆಸುಪಾಸು. ಕಲ್ಲಿನ ಡೈಮಂಡ್ ಬ್ಲೇಡಿಗೆ ಹಲ್ಲಿಲ್ಲ, ಅದು ಉಜ್ಜುತ್ತದೆ. ಮರದ ಬ್ಲೇಡಿಗೆ ಹಲ್ಲಿದೆ, ಅದು ಕಚ್ಚುತ್ತದೆ. ಕೊಯ್ದ ಸೀಳು ಮುಚ್ಚಿಕೊಂಡು ಹಲಗೆ ಬ್ಲೇಡನ್ನು ಹಿಡಿದರೆ ಇಡೀ ಯಂತ್ರ ನಿಮ್ಮ ಕಡೆಗೇ ನೆಗೆಯುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಕವಚ ಅದರಲ್ಲಿಲ್ಲ. ದುಡ್ಡು ಉಳಿಸಬೇಕಿದ್ದರೆ ಪ್ಲೈವುಡ್ ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಸಿಕೊಂಡು ಬನ್ನಿ, ಎಷ್ಟೋ ಕಡೆ ದೊಡ್ಡ ಪ್ಯಾನೆಲ್ ಗರಗಸ ಇರುತ್ತದೆ. ಅಂಚು ನಿಮ್ಮ ಕೈಯಲ್ಲಿ ಬರುವುದಕ್ಕಿಂತ ಚೆನ್ನಾಗಿಯೇ ಬರುತ್ತದೆ.

ಬ್ಯಾಟರಿ ಡ್ರಿಲ್ 48 ವೋಲ್ಟಿನದು ಇಷ್ಟು ಅಗ್ಗಕ್ಕೆ ಸಿಗುತ್ತಿದೆ!

ಡಬ್ಬಿಯ ಮೇಲಿನ ಸಂಖ್ಯೆ ಓದಬೇಡಿ. ನಾನು ಒಂದರ ಬ್ಯಾಟರಿ ಬಿಚ್ಚಿ ನೋಡಿದಾಗ ಒಳಗಿದ್ದದ್ದು ಐದು ಕೋಶ. ಲಿಥಿಯಂ ಕೋಶವೊಂದಕ್ಕೆ 3.6 ವೋಲ್ಟ್, ಐದಕ್ಕೆ 18, ಪೂರ್ತಿ ಚಾರ್ಜ್ ಆದಾಗ 21. 18 ವೋಲ್ಟಿನ ಯಂತ್ರಕ್ಕೆ ಕೆಲವರು 20 ಅಂತ ಬರೆಯುವುದೂ ಇದೇ ಲೆಕ್ಕದ ಆಟ. ಹಾಗಂತ ಆ ಡ್ರಿಲ್ ಕೆಲಸಕ್ಕೆ ಬಾರದ್ದಲ್ಲ. ಕಪಾಟಿನ ತಿರುಪು ಬಿಗಿಯಲು ಈಗಲೂ ಅದನ್ನೇ ಬಳಸುತ್ತೇನೆ. ಕಾಂಕ್ರೀಟ್ ಗೋಡೆಗೆ ಮಾತ್ರ ವೈರಿನ ಹ್ಯಾಮರ್ ಡ್ರಿಲ್ಲೇ ಬೇಕು.

ನೂರು ಬಿಟ್‌ಗಳ ಡ್ರಿಲ್ ಸೆಟ್ ಕೊಳ್ಳಲಾ?

ಅದರಲ್ಲಿ ನೀವು ಬಳಸುವುದು ಆರು, ಮೊದಲು ಮುರಿಯುವುದೂ ಅವೇ ಆರು. 2, 3, 4, 5, 6, 8 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ಗಳನ್ನು ಬಿಡಿಬಿಡಿಯಾಗಿ ಕೊಳ್ಳಿ. ಬಿಟ್ ಸುಟ್ಟುಹೋಗುವುದು ಹೆಚ್ಚಾಗಿ ವೇಗದಿಂದ. ಕಬ್ಬಿಣಕ್ಕೆ 6 ಮಿ.ಮೀ. ಬಿಟ್ ಆದರೆ ನಿಮಿಷಕ್ಕೆ 1,300 ಸುತ್ತು, 10 ಮಿ.ಮೀ. ಆದರೆ 800 ಸುತ್ತು ಸಾಕು. ನಾವು ಗುಂಡಿ ಪೂರ್ತಿ ಒತ್ತಿ 2,800ರಲ್ಲಿ ಓಡಿಸುತ್ತೇವೆ, ಒತ್ತಡ ಮಾತ್ರ ಹಾಕುವುದಿಲ್ಲ. ತಿರುಗಿಸಿ ಹೇಳುತ್ತೇನೆ: ನಿಧಾನ ತಿರುಗಲಿ, ಗಟ್ಟಿಯಾಗಿ ಒತ್ತಿ, ಒಂದು ಹನಿ ಎಣ್ಣೆ ಬಿಡಿ.

ಹಾಗಾದರೆ ಯಾವುದರಲ್ಲಿ ದುಡ್ಡು ಉಳಿಸಲೇಬಾರದು?

ಕಣ್ಣಿನ ಕನ್ನಡಕ. ಮುಖಗವಸು, ಅದರಲ್ಲೂ ಎಂ.ಡಿ.ಎಫ್. (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಕೊಯ್ಯುವಾಗ. ಎಕ್ಸ್‌ಟೆನ್ಷನ್ ಬಾಕ್ಸು: 1,300 ವಾಟಿನ ಯಂತ್ರ 230 ವೋಲ್ಟಿನಲ್ಲಿ ಆರು ಆಂಪಿಯರಿನ ಹತ್ತಿರ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಟಿ.ವಿ.ಗೆಂದು ಕೊಂಡ ತೆಳು ವೈರು ಬೇಡ, 1.5 ಚದರ ಮಿ.ಮೀ. ತಾಮ್ರದ್ದು, ಅರ್ಥ್ ಇರುವ ಮೂರು ಪಿನ್ನಿನದು ಇರಲಿ, ಸುರುಳಿ ಪೂರ್ತಿ ಬಿಚ್ಚಿ ಬಳಸಿ.

ಆಂಗಲ್ ಗ್ರೈಂಡರಿನ ಕಟಿಂಗ್ ಡಿಸ್ಕಿಗೆ ಮಾತ್ರೆಗಿರುವ ಹಾಗೆ ಅವಧಿ ಇರುತ್ತದೆ, ಬಹಳ ಜನರಿಗೆ ಗೊತ್ತಿಲ್ಲ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅವಧಿ ಮೀರಿದ್ದು, ನೀರು ತಾಗಿದ್ದು, ಕೆಳಗೆ ಬಿದ್ದದ್ದು, ಮೂರನ್ನೂ ಎಸೆಯಿರಿ. ಡಿಸ್ಕಿನ ಮೇಲೆ ಬರೆದ ಸುತ್ತಿನ ಮಿತಿ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು. ತಿರುಗುವ ಬಿಟ್ಟಿನ ಹತ್ತಿರ ಬಟ್ಟೆಯ ಕೈಗವಸು ಹಾಕಬೇಡಿ, ದಾರ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ.

ಕ್ಲ್ಯಾಂಪುಗಳು ದುಬಾರಿ. ಬೇರೆ ದಾರಿ?

ಪಂಕ್ಚರ್ ಅಂಗಡಿಯ ಹಳೆಯ ಸೈಕಲ್ ಟ್ಯೂಬು. ಉದ್ದಕ್ಕೆ ಸೀಳಿ ಅಂಗುಲದಗಲದ ಪಟ್ಟಿ ಮಾಡಿ, ಅಂಟು ಹಚ್ಚಿದ ಕೂಡಿನ ಸುತ್ತ ಎಳೆದೆಳೆದು ಸುತ್ತಿ. ಪ್ರತಿ ಸುತ್ತೂ ಹಿಂದಿನದರ ಬಿಗಿತಕ್ಕೆ ಕೂಡಿಕೊಳ್ಳುತ್ತದೆ. ಎಂಟು ಹತ್ತು ಸುತ್ತಾದರೆ ಬಿಚ್ಚಲು ನೀವೇ ಒದ್ದಾಡಬೇಕು. ಅಗಲ ಹಲಗೆಗಳನ್ನು ಜೋಡಿಸಲು ಎರಡು ಗೂಟ, ಒಂದು ಜೊತೆ ಎದುರುಬದುರು ಬೆಣೆ. ಸ್ಟೂಲಿನ ಕಾಲುಗಳಿಗೆ ಹಗ್ಗ ಸುತ್ತಿ ನಡುವೆ ಕೋಲು ಹಾಕಿ ತಿರುವುವುದು. ಬಿಳಿ ಅಂಟಿಗೆ ಒಂದು ಗಂಟೆ ಬಿಗಿತ ಸಾಕು, ಪೂರ್ತಿ ಬಲ ಬರಲು ಒಂದು ದಿನ. ಮಳೆಗಾಲದಲ್ಲಿ ಇನ್ನೂ ತಡ.

ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲ ತುಕ್ಕು. ಕೊಬ್ಬರಿ ಎಣ್ಣೆ ಹಚ್ಚಬಹುದಾ?

ತುರ್ತಿಗೆ ಹಚ್ಚಿ. ಆದರೆ ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಕಮಟು ವಾಸನೆ. ಡಿಸೆಂಬರಿನ ಬೆಂಗಳೂರಿನಲ್ಲಿ ನನ್ನ ಉಳಿಗಳ ಮೇಲೆ ಬಿಳಿ ಪದರ ಕಂಡು ಬೂಸ್ಟು ಅಂದುಕೊಂಡಿದ್ದೆ! ಹೊಲಿಗೆ ಯಂತ್ರದ ಎಣ್ಣೆ ಅಗ್ಗ, ತೆಳು, ವಾಸನೆಯಿಲ್ಲ. ಎಣ್ಣೆ ಅದ್ದಿದ ಬಟ್ಟೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಕೆಲಸ ಮುಗಿದೊಡನೆ ಒರೆಸಿಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಒರೆಸಿದ ಮೇಲೆ ಮುಚ್ಚಳವಿರುವ ಪೆಟ್ಟಿಗೆಯಲ್ಲೇ ಇಡಬೇಕು. ಉಪ್ಪುಗಾಳಿ ಬರಿಯ ಗೋಡೆಯ ಮೊಳೆಗೆ ತೂಗಿದ್ದನ್ನು ಬಿಡುವುದಿಲ್ಲ.

ಹಿಡಿದ ತುಕ್ಕಿಗೆ ಹುಣಸೆಹಣ್ಣಿನ ರಸ, ಇಲ್ಲವೇ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರು. ಹಿತ್ತಾಳೆ ಪಾತ್ರೆ ತಿಕ್ಕಿದವರಿಗೆ ಹುಳಿಯ ಶಕ್ತಿ ಹೇಳಿಕೊಡಬೇಕಿಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಕೂಡಲೇ ಎಣ್ಣೆ. ದಿನಗಟ್ಟಲೆ ಮರೆತರೆ ಹುಳಿ ಉಕ್ಕನ್ನೂ ತಿನ್ನುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ತಾನೇ ಕಾದು ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿ.

ಗುಜರಿಯಲ್ಲಿ ಹಳೆಯದನ್ನು ಕೊಳ್ಳುವುದು ಲೇಸೋ?

ನನಗೆ ಕೇಳಿದರೆ ಹೌದು. ಬೆಂಗಳೂರಿನ ಸಂಡೆ ಬಜಾರಿನಲ್ಲಿ ತುಕ್ಕು ಹಿಡಿದ ಉಳಿಯೊಂದನ್ನು ಚಹಾ ದುಡ್ಡಿಗೆ ತಂದು ಹುಣಸೆಯಲ್ಲಿ ನೆನೆಹಾಕಿದರೆ ಒಳಗಿಂದ ಎಂಥ ಉಕ್ಕು ಎದ್ದು ಬಂತು! ಬೆನ್ನಿನ ಮೇಲೆ, ಬಾಯಿಯ ಹತ್ತಿರ, ತುಕ್ಕು ಗುಂಡಿ ತೋಡಿದ್ದರೆ ಮಾತ್ರ ಬಿಡಿ.

ಸಣ್ಣ ಊರುಗಳಲ್ಲಿ ಇನ್ನೂ ಒಳ್ಳೆಯ ದಾರಿ ಇದೆ. ಸಂತೆಯಲ್ಲಿ, ಊರ ಅಂಚಿನ ಕುಲುಮೆಯಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಉಳಿ, ಬಾಚಿ ಮಾಡಿಕೊಡುತ್ತಾರೆ. ಕಮಾನಿನ ಉಕ್ಕು ಹದ ಹಿಡಿಯುವಂಥದ್ದು. ನೋಡಲು ಒರಟು, ಬೆನ್ನು ಸಮ ಮಾಡಲು ಒಂದು ಮಧ್ಯಾಹ್ನ ಹೋಗುತ್ತದೆ. ಹಿಡಿಗೆ ಜಾಲಿ ಮರ ಕೇಳಿ. ಚನ್ನಪಟ್ಟಣದಲ್ಲಿ ಬಣ್ಣದ ಆಟಿಕೆ ಕಡೆಯುವವರ ಕೈಯಲ್ಲಿರುವುದೂ ಇಂಥ ಸರಳ ಉಳಿಗಳೇ. ಕೆಳಗೆ ಮೆದುವಾದ ಹಾಲೆ ಮರ, ಮೇಲೆ ಚೂಪಾದ ಬಾಯಿ. ಅರಗಿನ ಕಡ್ಡಿ ತಿರುಗುವ ಮರದ ಕಾವಿಗೇ ಕರಗಿ ಹತ್ತುತ್ತದೆ.

ಕಲಿಯಲು ಯಾವ ಮರ?

ತೇಗ ಬೇಡ. ದುಡ್ಡಿನ ಮಾತು ಹಾಗಿರಲಿ, ತೇಗದೊಳಗೆ ಮರಳಿನಂಥ ಸಿಲಿಕಾ ಇರುತ್ತದೆ, ಅಗ್ಗದ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಸಿಲ್ವರ್ ಓಕ್, ಹೆಬ್ಬೇವು, ಪ್ಯಾಲೆಟ್ಟಿನ ಪೈನ್ ಸಾಕು. ಕೈ ಪಳಗಿದ ಮೇಲೆ ಹಲಸು; ಅದರ ಹಳದಿ ಬಣ್ಣವನ್ನು ಕೀಸುತ್ತಾ ನೋಡುವುದೇ ಒಂದು ಸುಖ. ಪ್ಯಾಲೆಟ್ ಆರಿಸುವಾಗ ಮುದ್ರೆ ನೋಡಿ: ಎಚ್‌ಟಿ ಅಂದರೆ ಒಳಗಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು, ತರಬಹುದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅಲ್ಲೇ ಬಿಟ್ಟು ಬನ್ನಿ. ಕೀಸುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ.

ಇಷ್ಟು ಒದ್ದಾಡುವ ಬದಲು ಒಂದೇ ಸಲ ದುಬಾರಿಯದ್ದು ಕೊಂಡರೆ?

ಕೊಳ್ಳಿ, ತಪ್ಪೇನಿಲ್ಲ. ಆದರೆ ಅದನ್ನೂ ಮಸೆಯಲೇಬೇಕು. ಒಂದು ಗಂಟೆ ಬದಲು ಹತ್ತು ನಿಮಿಷ, ಅಷ್ಟೇ. ಮಸೆಯಲು ಬಾರದವನ ಕೈಯಲ್ಲಿ ಅದು ಆರು ತಿಂಗಳಿಗೆ ಮುನ್ನೂರು ರೂಪಾಯಿಯ ಉಳಿಯೇ. ಯಾವುದನ್ನು ಹೆಚ್ಚು ಬಳಸುತ್ತೀರಿ ಎಂಬುದು ಒಂದು ವರ್ಷದ ಮೇಲೆ ತಾನಾಗಿ ತಿಳಿಯುತ್ತದೆ, ಆಗ ಅದೊಂದನ್ನು ಒಳ್ಳೆಯದು ತನ್ನಿ. ನನ್ನ ವಿಷಯದಲ್ಲಿ ಅದು ಮೂಲೆಮಟ್ಟವಾಗಿತ್ತು. ಉಳಿ ಇನ್ನೂ ಹಳೆಯದೇ.

ಮನೆಗೆ ಕೆಲಸಕ್ಕೆ ಬಂದ ಬಡಗಿ ನಮ್ಮ ಉಳಿ ಕೇಳಿದರೆ ಕೊಡಬೇಕೇ?

ನಾನು ಒಮ್ಮೆ ಕೊಟ್ಟೆ. ಬಾಗಿಲ ಚೌಕಟ್ಟಿನ ಮೂಲೆ ಬಿಡಿಸುತ್ತಾ ಒಳಗಿದ್ದ ಮೊಳೆಗೆ ಹೊಡೆದರು, ಬಾಯಿಯಲ್ಲಿ ಜೋಳದ ಕಾಳಿನಷ್ಟು ಚಿಪ್ಪು ಹಾರಿತು. ಪಾಪ, ಅವರೇ ಸಂಜೆ ನನ್ನ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಮಸೆದುಕೊಟ್ಟು ಹೋದರು. ಗೈಡಿಲ್ಲ, ಕೋನದ ಅಳತೆಯಿಲ್ಲ, ಇಪ್ಪತ್ತೇ ನಿಮಿಷ. ನಾನು ಅಷ್ಟು ಚೆನ್ನಾಗಿ ಎಂದೂ ಮಸೆದಿರಲಿಲ್ಲ. ಈಗ ಕೇಳಿದರೆ ಕೊಡುತ್ತೇನೆ, ಮೊಳೆ ಇದೆಯಾ ಅಂತ ಮೊದಲು ಅಯಸ್ಕಾಂತ ಕೊಡುತ್ತೇನೆ.